ಒಂಬತ್ತು ಗಜ ಯಾರದು?

ಸುಧಾ ಅತ್ತೆ: ನಮ್ಮ ಮನೆಯವರ ಈ ವಾಟ್ಸ್ಆ್ಯಪ್ ಗುಂಪಿಗೆ ನಾನು ಈಗ ಕಳಿಸಿದ ಚಿತ್ರದಲ್ಲಿರುವುದನ್ನು ಎಲ್ಲರೂ ಓದಿ. ‘ಒಂದೂ ಬಿಡದೆ, ಇಡಿಯಾಗಿ’ ಎಂಬ ಅರ್ಥದ ‘ದಿ ಹೋಲ್ ನೈನ್ ಯಾರ್ಡ್ಸ್’ ಎಂಬ ಇಂಗ್ಲಿಷ್ ನುಡಿಗಟ್ಟು ನಮ್ಮ ಒಂಬತ್ತು ಗಜದ ಸೀರೆಯಿಂದ ಹುಟ್ಟಿತಂತೆ. ಅಮ್ಮ ಕಚ್ಚೆ ಹಾಕಿ ಉಡುತ್ತಿದ್ದ ಸೀರೆ ನೆನಪಾಗಿ ಕಣ್ಣು ತುಂಬಿ ಬಂತು.

ಶ್ರೀಧರ ಚಿಕ್ಕಪ್ಪ: ಸುಧಕ್ಕ, ಅದು ಸೀರೆಯದಲ್ಲ, ಯುದ್ಧದ್ದು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಮೆಷಿನ್‌ಗನ್ನಿನ ಗುಂಡಿನ ಪಟ್ಟಿ 27 ಅಡಿ ಉದ್ದವಿತ್ತಂತೆ. ಅಷ್ಟನ್ನೂ ಶತ್ರುವಿನ ಮೇಲೆ ಖಾಲಿ ಮಾಡಿದರೆ ಒಂಬತ್ತು ಗಜವಾಯಿತು.

ಪ್ರಸನ್ನ ಭಾವ: ಕಾಂಕ್ರೀಟ್ ಲಾರಿಯಲ್ಲಿ ಒಂಬತ್ತು ಘನ ಗಜ ಹಿಡಿಯುತ್ತದೆ ಎಂದು ನಾನು ಕೇಳಿದ್ದೆ.

ಮೇಘನಾ: ಭಾವ, ಚಿಕ್ಕಪ್ಪ, ನಿಮ್ಮಿಬ್ಬರ ಕಥೆಯೂ ಇಸವಿಯ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಮಿಚೆಲ್ ಎಂಬ ಸಣ್ಣ ಊರಿನ ‘ಮಿಚೆಲ್ ಕಮರ್ಷಿಯಲ್’ ಪತ್ರಿಕೆ 1907ರಲ್ಲೇ, ಬೇಸ್‌ಬಾಲ್ ಆಟವೊಂದರ ಸುದ್ದಿಯಲ್ಲಿ, ‘ಪೂರ್ತಿ ಒಂಬತ್ತು ಗಜದ’ ಭರವಸೆ ಕೊಡಲಾರೆವು ಎಂದು ಬರೆದಿದೆ. ಮರುವರ್ಷ ಅದೇ ಪತ್ರಿಕೆ, ಮೀನು ಹಿಡಿಯಲು ಹೋಗಿ ಬಂದವನೊಬ್ಬ ಸಿಕ್ಕವರಿಗೆ ತನ್ನ ಕಥೆಯ ಒಂಬತ್ತೂ ಗಜವನ್ನು ಒಪ್ಪಿಸಿಬಿಡುತ್ತಾನೆ ಎಂದು ಗೇಲಿ ಮಾಡಿದೆ. ರೈಟ್ ಸಹೋದರರು ಮೊದಲ ಸಲ ಹಾರಿ ಆಗಿನ್ನೂ ನಾಲ್ಕೈದು ವರ್ಷವಾಗಿತ್ತು. ಕಾಂಕ್ರೀಟ್ ಕಲಸುವ ಲಾರಿಯಂತೂ ಬಂದಿರಲೇ ಇಲ್ಲ.

ಸುಧಾ ಅತ್ತೆ: ಸೀರೆ ಇತ್ತಲ್ಲ! ನಿನ್ನ ಇಸವಿ ಅವರಿಬ್ಬರನ್ನು ಸೋಲಿಸುತ್ತದೆಯೇ ಹೊರತು ನನ್ನನ್ನಲ್ಲ.

ಮೇಘನಾ: ಒಪ್ಪಿದೆ ಅತ್ತೆ, ಆದರೆ ಇನ್ನೊಂದು ತೊಡಕಿದೆ. 1912ರಲ್ಲಿ ಪಕ್ಕದ ಕೆಂಟಕಿ ರಾಜ್ಯದ ಪತ್ರಿಕೆಯೊಂದರಲ್ಲಿ ಇದೇ ಮಾತು ‘ಪೂರ್ತಿ ಆರು ಗಜ’ ಎಂದು ಬಂದಿದೆ. ಆರೂ ನಡೆಯುತ್ತಿತ್ತು, ಒಂಬತ್ತೂ ನಡೆಯುತ್ತಿತ್ತು ಎಂದಮೇಲೆ, ನಿಜವಾಗಿ ಒಂಬತ್ತು ಗಜವಿದ್ದ ವಸ್ತುವನ್ನು ಹುಡುಕುವುದೇ ವ್ಯರ್ಥವೆಂದು ಯೇಲ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಫ್ರೆಡ್ ಶಪಿರೊ ವಾದಿಸಿದರು.

ಶ್ರೀಧರ ಚಿಕ್ಕಪ್ಪ: ಆರು ಗಜದ ಸೀರೆಯೂ ಉಂಟು, ಮಗಳೇ. ನೀನು ಅಕ್ಕನ ಕೈಗೇ ದೊಣ್ಣೆ ಕೊಟ್ಟೆ.

ಮೇಘನಾ: ಚಿಕ್ಕಪ್ಪ, ಹಳೆಯ ಬರಹಗಳು ಸಿಕ್ಕಿರುವುದು ಇಂಡಿಯಾನಾ, ಕೆಂಟಕಿಯ ಹಳ್ಳಿಗಾಡಿನ ಪತ್ರಿಕೆಗಳಲ್ಲಿ, ಅಲ್ಲಿಗೆ ನಮ್ಮ ಸೀರೆಯ ಲೆಕ್ಕವನ್ನು ಒಯ್ದವರು ಯಾರೆಂದು ಆ ಚಿತ್ರ ಹೇಳುವುದಿಲ್ಲ. ಅಷ್ಟಕ್ಕೂ ಅಜ್ಜಿ ಒಂಬತ್ತು ಗಜ ಎಂದದ್ದನ್ನು ನಾನು ಕೇಳಿಯೇ ಇಲ್ಲ, ಅವರ ಬಾಯಲ್ಲಿ ಅದು ಹದಿನೆಂಟು ಮೊಳದ ಸೀರೆ. ನನಗೆ ಆ ಮೀನಿನ ಕಥೆಯೇ ಹೆಚ್ಚು ಹತ್ತಿರವೆನಿಸುತ್ತದೆ. ನಾವೂ ‘ಮಾರುದ್ದದ ಕಥೆ ಹೇಳಿದ’ ಎನ್ನುತ್ತೇವೆ. ಆ ಮಾರು ಯಾರ ತೋಳಿನದೆಂದು ಯಾರೂ ಕೇಳುವುದಿಲ್ಲ.

ಸುಧಾ ಅತ್ತೆ: ಹದಿನೆಂಟು ಮೊಳವೆಂದರೂ ಒಂಬತ್ತು ಗಜವೇ ತಾನೇ? ಅಮ್ಮನ ಸೀರೆ ನನ್ನ ಟ್ರಂಕಿನಲ್ಲಿದೆ, ನಾಳೆ ಅಳೆದು ಫೋಟೊ ಹಾಕುತ್ತೇನೆ.