ಧನವಿನಿಯೋಗ ಬಿಲ್‌ಗೆ ವಿರೋಧ ಪಕ್ಷದವ್ರು ಒಪ್ಪಿಗೆ ಕೊಡ್ಬೇಕಾ, ಬೇಡ್ವಾ?

ಮಲೆನಾಡ ಮಳೆಹುಡುಗಿ:
ಬಜೆಟ್ ದುಡ್ಡು ಖಜಾನೆಯಿಂದ ತೆಗೆಯೋಕೆ ಒಪ್ಪಿಗೆ ಕೊಡೋ ಈ ಬಿಲ್ ಬಗ್ಗೆ ಎರಡು ದಿನದಿಂದ ಮನೇಲಿ ಜಗಳ. 2025-26ರ ನಮ್ಮ ರಾಜ್ಯ ಬಜೆಟ್ 4,09,549 ಕೋಟಿ, ಅದ್ರಲ್ಲಿ ಗ್ಯಾರಂಟಿಗಳಿಗೇ 51 ಸಾವಿರ ಕೋಟಿ. ಅಪ್ಪ ಹೇಳೋದು, ಸಾಲ ಮಾಡಿ ಖರ್ಚು ಮಾಡೋ ಬಿಲ್‌ಗೆ ವಿರೋಧ ಪಕ್ಷದವ್ರು ಬೇಡ ಅಂತ್ಲೇ ಹೇಳ್ಬೇಕು ಅಂತ. ಅಮ್ಮ ಅಂಗನವಾಡಿ ಸಹಾಯಕಿ, ಅವ್ರದ್ದು ಒಂದೇ ಮಾತು, "ಬಿಲ್ ಬಿದ್ರೆ ನಮ್ ಗೌರವಧನ ಯಾರ್ ಕೊಡ್ತಾರೆ?" ಇಬ್ರಲ್ಲಿ ಯಾರು ಸರಿ, ಗೊತ್ತಿರೋರು ಹೇಳಿ ಪ್ಲೀಸ್.

ಲೆಕ್ಕದ ಮೇಷ್ಟ್ರು:
ಅಮ್ಮನ ಭಯ ಸುಳ್ಳಲ್ಲಮ್ಮ. ಸಂಚಿತ ನಿಧಿಯಿಂದ, ಅಂದ್ರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದ್ ರೂಪಾಯಿ ತೆಗೀಬೇಕಂದ್ರೂ ಕಾನೂನಿನ ಒಪ್ಪಿಗೆ ಬೇಕು, ಸಂವಿಧಾನದ 266ನೇ ವಿಧಿ, ಆ ಕಾನೂನೇ ಈ ಬಿಲ್ಲು. ಏಪ್ರಿಲ್ 1ಕ್ಕೆ ಇದೂ ಇಲ್ಲ ಲೇಖಾನುದಾನಾನೂ (ಬಜೆಟ್ ಪಾಸ್ ಆಗೋವರೆಗಿನ ಖರ್ಚಿಗೆ ಕೊಡೋ ತಾತ್ಕಾಲಿಕ ಒಪ್ಪಿಗೆ) ಇಲ್ಲ ಅಂದ್ರೆ ಮೇಷ್ಟ್ರ ಸಂಬಳ, ಪಿಂಚಣಿ, ಬಿಸಿಯೂಟ ಎಲ್ಲಾ ಖಜಾನೆ ಬಾಗಿಲಲ್ಲೇ ನಿಂತೋಗುತ್ತೆ. ಅಮೆರಿಕದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಬಂದ್ ಆಗಿ ಲಕ್ಷಗಟ್ಲೆ ನೌಕರರು ಸಂಬಳ ಇಲ್ದೆ ಇದ್ರಲ್ಲ, ಅದು ಇದೇ ಕಥೆ. ವ್ಯತ್ಯಾಸ ಏನಂದ್ರೆ ಅಲ್ಲಿ ಸರ್ಕಾರ ಬೀಳಲ್ಲ, ನಮ್ಮಲ್ಲಿ ವಿಧಾನಸಭೇಲಿ ಈ ಬಿಲ್ ಸೋತ್ರೆ ಮುಖ್ಯಮಂತ್ರಿ ರಾಜೀನಾಮೆ ಕೊಡ್ಬೇಕಾಗುತ್ತೆ. ಮೇಲ್ಮನೆ ವಿಧಾನ ಪರಿಷತ್ತು ಅಡ್ಡ ಹಾಕಿದ್ರೂ 14 ದಿನ ತಡ ಆಗುತ್ತೆ ಅಷ್ಟೇ. ಅದಕ್ಕೇ ನಾನು ಒಪ್ಪಿಗೆ ಕೊಡ್ಲಿ ಅನ್ನೋ ಕಡೆ.

ಹಾವೇರಿ ಮಂದಿ:
ಮೇಷ್ಟ್ರ, ನಾ ಅಪ್ಪಾರ ಕಡೆ ರೀ. ಬಿಲ್ ಪಾಸ್ ಆಗೂದು ಬ್ಯಾರೆ, ರೊಕ್ಕ ಕೈಗೆ ಬರೂದು ಬ್ಯಾರೆ. ನಾ ಸಣ್ಣ ಗುತ್ತಿಗೆದಾರ, 120 ಮೀಟರ್ ಗಟಾರ ಕಟ್ಟೀನಿ, ಇಂಜಿನಿಯರ್ ಬಂದು ಟೇಪ್ ಹಿಡದು ಎಂಬಿ ಬುಕ್ಕಿನ್ಯಾಗ (ಅಳತಿ ಪುಸ್ತಕ) ಬರಕೊಂಡು ಹೋಗ್ಯಾರ, 14 ತಿಂಗಳಾತು, ಕೇಳಿದ್ರ "ಅನುದಾನ ಬಂದಿಲ್ಲ" ಅಂತಾರ. ಸಿಮೆಂಟ್ ಅಂಗಡಿಯಾವ ದಿನಾ ಫೋನ್ ಮಾಡ್ತಾನ, ಹೆಂಡ್ತಿ ಕೈಬಳೆ ಅಡ ಇಟ್ಟು ಅರ್ಧ ಕೊಟ್ಟೀನಿ. ಇದ್ದ ಕೆಲಸಕ್ಕ ರೊಕ್ಕ ಇಲ್ಲ, ಮ್ಯಾಲ ಮತ್ತ ಪೂರಕ ಅಂದಾಜು ಅಂತ ವರ್ಷದ ನಡುವ ಹೊಸಾ ಖರ್ಚು ತರ್ತಾರ. ಕಣ್ಣು ಮುಚ್ಚಿ ಹೂಂ ಅನ್ನೂ ಬದ್ಲಿ ಒಬ್ಬರರ ಎದ್ದು ನಿಂತು "ಹಳೇ ಬಾಕಿ ಎಷ್ಟೈತಿ, ಮೊದ್ಲ ಅದನ್ನ ಹೇಳ್ರಿ" ಅಂತ ಕೇಳ್ಬೇಕಲ್ಲ?

ಕಡತ ಓದೋಳು:
ಕೇಳೋ ಜಾಗ ಬಿಲ್ ಅಲ್ಲ, ಅದಕ್ಕೂ ಮುಂಚೆ ಇಲಾಖಾವಾರು ಅನುದಾನದ ಬೇಡಿಕೆಗಳು ಬರುತ್ತಲ್ಲ, ಅಲ್ಲಿ. ಅಲ್ಲಿ ಮೊತ್ತ ಕಡಿಮೆ ಮಾಡಿ ಅಂತ ಕಡಿತ ಸೂಚನೆ ತರ್ಬಹುದು. ಬಿಲ್ ಬಂದ್ಮೇಲೆ 204ನೇ ವಿಧಿ ಪ್ರಕಾರ ಮೊತ್ತ ಬದ್ಲಾಯಿಸೋ ತಿದ್ದುಪಡಿಗೆ ಅವಕಾಶಾನೇ ಇಲ್ಲ. ಸಾಲದ ಬಡ್ಡಿಗಂತೂ ಮತಾನೇ ಹಾಕಂಗಿಲ್ಲ, ಚರ್ಚೆ ಮಾತ್ರ. ಆದ್ರೆ ಆ ಬೇಡಿಕೆ ಹಂತಾನೇ ಗಲಾಟೇಲಿ ಕೊಚ್ಚಿ ಹೋಗ್ತಿದೆ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ. 2023ರ ಮಾರ್ಚ್ 23ಕ್ಕೆ ಲೋಕಸಭೇಲಿ 45 ಲಕ್ಷ ಕೋಟಿ ಖರ್ಚು ಚರ್ಚೆನೇ ಇಲ್ದೆ ಪಾಸ್ ಆಯ್ತು. ಪಕ್ಕದ ಕೇರಳ ವಿಧಾನಸಭೇಲಿ 1980ರಿಂದ ಶಾಸಕರ ವಿಷಯ ಸಮಿತಿಗಳಿವೆ, ಬೇಡಿಕೆಗಳನ್ನ ಅಲ್ಲಿ ಕೂತು ನೋಡ್ತಾರೆ.
ಇನ್ನೊಂದು, ಧ್ವನಿಮತದಲ್ಲಿ ಯಾರು ಹೌದು ಅಂದ್ರು ಯಾರು ಇಲ್ಲ ಅಂದ್ರು ಅಂತ ಹೆಸ್ರೇ ದಾಖಲಾಗಲ್ಲ. ವಿರೋಧ ಇದ್ರೆ ಮತವಿಭಜನೆ, ಅಂದ್ರೆ ಹೆಸರು ದಾಖಲಾಗೋ ಹಾಗೆ ಮತ ಎಣಿಕೆ, ಕೇಳ್ಲಿ. ಬಹುಮತ ಇರೋ ಸರ್ಕಾರದ ಬಿಲ್ ಅದ್ರಿಂದ ಬೀಳಲ್ಲ, ಅಮ್ಮನ ಗೌರವಧನಾನೂ ನಿಲ್ಲಲ್ಲ, ಆದ್ರೆ 19,262 ಕೋಟಿ ರಾಜಸ್ವ ಕೊರತೆ (ಆದಾಯಕ್ಕಿಂತ ದಿನನಿತ್ಯದ ಖರ್ಚು ಜಾಸ್ತಿ) ಇರೋ ಬಜೆಟ್‌ಗೆ ನಮ್ಮ ಎಂಎಲ್‌ಎ ಏನಂದ್ರು ಅಂತ ಕ್ಷೇತ್ರದವ್ರಿಗೆ ಗೊತ್ತಾಗುತ್ತೆ.

ಮಲೆನಾಡ ಮಳೆಹುಡುಗಿ:
ಎಲ್ಲಾ ಅಪ್ಪ ಅಮ್ಮಂಗೆ ಓದಿ ಹೇಳ್ದೆ. ಅಪ್ಪ ಮತವಿಭಜನೆ ಅಂದ್ರೇನು ಅಂತ ಮೂರ್ ಸಲ ಕೇಳಿದ್ರು. ಅಮ್ಮ ಮಾತ್ರ ಹಾವೇರಿ ಅಣ್ಣನ ಬಳೆ ವಿಷ್ಯ ಕೇಳಿದ್ಮೇಲೆ ಸುಮ್ಮನಾಗ್ಬಿಟ್ರು. ಅಣ್ಣ, ದುಡ್ಡು ಬಂದ್ರೆ ಇಲ್ಲೇ ಒಂದ್ ಮಾತು ಹಾಕಿ.

ಹಾವೇರಿ ಮಂದಿ:
ಹಾಕ್ತೀನಿ ತಂಗಿ. ಮುಂದಿನ ಸೋಮವಾರ ಮತ್ತ ಆಫೀಸಿಗೆ ಹೊಂಟೀನಿ.