ಲೇಹ್‌ನಿಂದ ಅಗತ್ತಿಗೆ: 2,650 ಕಿ.ಮೀ. ದೂರಕ್ಕೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಂಗಳೂರಿನ ನಾಲ್ವರು ಲಡಾಖ್ ಮತ್ತು ಲಕ್ಷದ್ವೀಪಗಳನ್ನು ಒಂದೇ ಪ್ರವಾಸದಲ್ಲಿ ನೋಡಿ ಬರಬೇಕೆಂದಿದ್ದೇವೆ. ದೂರ ಲೆಕ್ಕ ಹಾಕುವ ಜಾಲತಾಣವೊಂದು ಲೇಹ್‌ನಿಂದ ಲಕ್ಷದ್ವೀಪದ ಅಗತ್ತಿಗೆ 2,650 ಕಿ.ಮೀ., ಹಾರಾಟಕ್ಕೆ 3 ಗಂಟೆ 50 ನಿಮಿಷ ಎಂದು ತೋರಿಸುತ್ತದೆ. ಟಿಕೆಟ್ ಹುಡುಕಿದರೆ ನೇರ ವಿಮಾನವೇ ಸಿಗುವುದಿಲ್ಲ. ಈ ಲೆಕ್ಕ ತಪ್ಪೇ? ಬೆಳಿಗ್ಗೆ ಲೇಹ್ ಬಿಟ್ಟು ಅದೇ ದಿನ ಅಗತ್ತಿ ತಲುಪಬಹುದೇ?

ಉತ್ತರ: ನಮಸ್ಕಾರ. ವಿಮಾನಗಳ ಹಾರಾಟ ಯೋಜನೆ ಸಿದ್ಧಪಡಿಸುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದೂರದ ಲೆಕ್ಕ ಸರಿಯಾಗಿದೆ. ಅದು ಭೂಗೋಳದ ಮೇಲೆ ಎರಡು ನಿಲ್ದಾಣಗಳನ್ನು ಕೂಡಿಸುವ ಅತಿ ಚಿಕ್ಕ ಗೆರೆ, ರಾಜಸ್ಥಾನ, ಮಹಾರಾಷ್ಟ್ರಗಳ ಮೇಲೆ ಹಾದು ಗೋವಾ ಬಳಿ ಸಮುದ್ರ ಸೇರುತ್ತದೆ. ಸಮಯವನ್ನು ಮಾತ್ರ ನಂಬಬೇಡಿ. ಆ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸಿದರೆ ಬರುವ ಅಂಕಿ ಅದು.

ಲೇಹ್ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದಕ್ಕಿಂತ ಕಾಲುಭಾಗಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಕಡಿಮೆ. ಬಿಸಿಲೇರಿದಂತೆ ಇನ್ನಷ್ಟು ಇಳಿಯುತ್ತದೆ, ಮಧ್ಯಾಹ್ನ ಕಣಿವೆಯ ಗಾಳಿಯೂ ಬಲವಾಗುತ್ತದೆ. ತೆಳುವಾದ ಗಾಳಿಯಲ್ಲಿ ವಿಮಾನ ಮೇಲೇರುವುದು ಕಷ್ಟ. ಆದ್ದರಿಂದಲೇ ಅಲ್ಲಿನ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲಿ ಹಾರುತ್ತವೆ. ಸುತ್ತಲೂ 6,000 ಮೀಟರ್ ಮೀರಿದ ಶಿಖರಗಳಿರುವುದರಿಂದ, ಒಂದು ಎಂಜಿನ್ ನಿಂತರೂ ಅವುಗಳಿಗೆ ತಗುಲದೆ ಹಾರಬಲ್ಲ ಏರ್‌ಬಸ್ 320ರಂಥ ಜೆಟ್ ಬೇಕು. ಅಗತ್ತಿಯಲ್ಲಾದರೋ ರನ್‌ವೇ ಸುಮಾರು 1,200 ಮೀಟರ್ ಮಾತ್ರ, ಎರಡೂ ತುದಿಗಳಲ್ಲಿ ಕಡಲು. ಅಲ್ಲಿಗೆ ಆ ಜೆಟ್ ಸಲ್ಲದು. ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನವೇ ಆಗಬೇಕು. ಆ ಎಟಿಆರ್ ಒಂದೇ ಎಂಜಿನ್‌ನಲ್ಲಿ ಲಡಾಖಿನ ಶಿಖರಗಳ ಮೇಲೆ ನಿಲ್ಲಲಾರದು. ನೇರ ವಿಮಾನಕ್ಕೆ ಅಡ್ಡಿಯಾಗಿರುವುದು ದೂರವಲ್ಲ, ಎರಡು ತುದಿಗಳ ಈ ಸ್ವಭಾವ.

ಆದ್ದರಿಂದ ಪ್ರಯಾಣವನ್ನು ಮೂರು ತುಂಡಾಗಿ ನೋಡಿ. ಲೇಹ್–ದೆಹಲಿ ಸುಮಾರು 620 ಕಿ.ಮೀ., ದೆಹಲಿ–ಬೆಂಗಳೂರು 1,710, ಬೆಂಗಳೂರು–ಅಗತ್ತಿ 660. ಒಟ್ಟು 2,990 ಕಿ.ಮೀ. ಕೊಚ್ಚಿಯ ಮೂಲಕ ಹೋದರೆ ಸುಮಾರು 3,130 ಆಗುತ್ತದೆ. ಬೆಂಗಳೂರಿನಿಂದ ಅಗತ್ತಿಗೆ 2024ರಲ್ಲಿ ನೇರ ಸೇವೆ ಆರಂಭವಾಯಿತು. ನಿಮ್ಮ ದಿನಾಂಕಕ್ಕೆ ಅದು ಇದೆಯೇ ಎಂದು ನೋಡಿಕೊಳ್ಳಿ. ಎಟಿಆರ್ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದ್ದರಿಂದ ಆ ಕೊನೆಯ ತುಂಡಿಗೇ ಎರಡು ಗಂಟೆಯ ಆಸುಪಾಸು ಹಿಡಿಯುತ್ತದೆ. ಒಟ್ಟು ಹಾರಾಟ ಆರು ಗಂಟೆಯಷ್ಟಾದರೂ, ಬೆಳಿಗ್ಗೆ ಲೇಹ್ ಬಿಟ್ಟವರು ಅಗತ್ತಿಯ ಹಗಲಿನ ವಿಮಾನವನ್ನು ಹಿಡಿಯುವುದು ಕಷ್ಟ. ಹವಾಮಾನ ಕೆಟ್ಟು ಲೇಹ್ ವಿಮಾನ ರದ್ದಾಗುವುದೂ ಉಂಟು. ಬೆಂಗಳೂರಿನಲ್ಲಿ ಒಂದು ರಾತ್ರಿ ಮನೆಯಲ್ಲೇ ಉಳಿದು ಹೊರಡಿ.

ಪ್ರಶ್ನೆ: ತುಂಬಾ ಧನ್ಯವಾದಗಳು ಸರ್. ಹಾಗಿದ್ದರೆ ಮೊದಲು ಅಗತ್ತಿ, ಆಮೇಲೆ ಲೇಹ್ ಎಂದು ತಿರುಗಿಸಿಕೊಂಡರೆ ಅನುಕೂಲವೇ? ಅಗತ್ತಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆಯೂ ಇದೆ.

ಉತ್ತರ: ದೂರ ಅಷ್ಟೇ ಇರುತ್ತದೆ, ಆದರೆ ದೇಹಕ್ಕೆ ಕಷ್ಟ ಹೆಚ್ಚು. ಡೈವಿಂಗ್ ಮುಗಿದ ಮೇಲೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿರುವ ನೈಟ್ರೋಜನ್ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟುತ್ತದೆ. ಸಮುದ್ರಮಟ್ಟದಿಂದ ನೇರವಾಗಿ ಲೇಹ್‌ನಲ್ಲಿ ಇಳಿದವರು ಮೊದಲ ಎರಡು ದಿನ ವಿಶ್ರಾಂತಿಯನ್ನೂ ಪಡೆಯಲೇಬೇಕು. ನನ್ನನ್ನು ಕೇಳಿದರೆ ಲೇಹ್ ಮೊದಲಿರಲಿ. ಲಕ್ಷದ್ವೀಪದ ಪ್ರವೇಶ ಪರವಾನಗಿ ಕೈಗೆ ಬಂದ ಮೇಲಷ್ಟೇ ಅಗತ್ತಿಯ ಟಿಕೆಟ್ ಕೊಳ್ಳಿ.