ಸಮಾಜಶಾಸ್ತ್ರ, ಸಮಾಜಕಾರ್ಯ, ಮಾನವಶಾಸ್ತ್ರ: ಬಿ.ಎ. ನಂತರ ಯಾವುದು? (ಪ್ರಶ್ನೋತ್ತರ)

ಪ್ರಶ್ನೆ (ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾಸನ ಜಿಲ್ಲೆ): ಮೇಡಂ, ನಮಸ್ಕಾರ. ಇತಿಹಾಸ ಮತ್ತು ಸಮಾಜಶಾಸ್ತ್ರ ನನ್ನ ವಿಷಯಗಳು. ಮುಂದೆ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬೇಕೋ, ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರಬೇಕೋ ತೀರ್ಮಾನಿಸಲಾಗುತ್ತಿಲ್ಲ. ಮೈಸೂರಿನಲ್ಲಿ ಮಾನವಶಾಸ್ತ್ರವೂ ಇದೆಯೆಂದು ಹಿರಿಯ ವಿದ್ಯಾರ್ಥಿಯೊಬ್ಬರು ಹೇಳಿದರು. ನಮ್ಮ ಮೇಷ್ಟ್ರು ಮಾತ್ರ "ಮೂರೂ ಒಂದೇ, ಸೀಟು ಎಲ್ಲಿ ಸಿಗುತ್ತದೋ ಅಲ್ಲಿ ಸೇರಿಕೋ" ಎನ್ನುತ್ತಾರೆ. ನಿಜವಾಗಿಯೂ ಮೂರೂ ಒಂದೇ ಆಗಿವೆಯೇ?

ಉತ್ತರ (ಆಸ್ಪತ್ರೆಯಲ್ಲಿ 12 ವರ್ಷ ವೈದ್ಯಕೀಯ ಸಮಾಜಕಾರ್ಯಕರ್ತೆ, ಈಗ ಅಧ್ಯಾಪಕಿ): ನಿಮ್ಮ ಮೇಷ್ಟ್ರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಆ ಮಾತನ್ನು ನಂಬಿ ಅರ್ಜಿ ಹಾಕಬೇಡಿ. ವ್ಯಾಖ್ಯಾನಗಳು ನಿಮ್ಮ ಪಠ್ಯಪುಸ್ತಕದಲ್ಲೇ ಇರುವುದರಿಂದ, ನಾನು ಎಂ.ಎಸ್.ಡಬ್ಲ್ಯು. ಓದುತ್ತಿದ್ದಾಗ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಕ್ಷೇತ್ರಕಾರ್ಯಕ್ಕೆಂದು ನನ್ನನ್ನು ಒಂದು ಸರ್ಕಾರಿ ಆಸ್ಪತ್ರೆಯ ಕ್ಷಯರೋಗ ವಿಭಾಗಕ್ಕೆ ಹಾಕಿದ್ದರು. ಆರು ತಿಂಗಳು ತಪ್ಪದೆ ನುಂಗಬೇಕಾದ ಮಾತ್ರೆಯನ್ನು ಒಬ್ಬ ತಾಯಿ ಎರಡನೇ ತಿಂಗಳಿಗೇ ಬಿಟ್ಟಿದ್ದರು. ನಾನು ಅವರ ಮನೆಗೆ ಒಮ್ಮೆ ಹೋಗಿ ಬಂದು, ವರದಿಯಲ್ಲಿ "ಚಿಕಿತ್ಸೆ ನಿಲ್ಲಿಸಲು ಕಾರಣ: ಅರಿವಿನ ಕೊರತೆ" ಎಂದು ಬರೆದೆ. ನಮ್ಮ ಮೇಲ್ವಿಚಾರಕರು ಆ ಎರಡು ಪದಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ಯಾರದು?" ಎಂದು ಬರೆದು ವಾಪಸು ಕೊಟ್ಟರು. ಮತ್ತೆ ಮೂರು ಸಲ ಹೋದೆ. ಆ ಮನೆಯಲ್ಲಿ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಆ ಕೆಮ್ಮು" ಎನ್ನುತ್ತಿದ್ದರು. ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಆಶಾ ಕಾರ್ಯಕರ್ತೆ ಮಾತ್ರೆ ಕೊಡಲು ಬಾಗಿಲಿಗೆ ಬಂದರೆ ಇಡೀ ಬೀದಿಗೆ ವಿಷಯ ತಿಳಿಯುತ್ತದೆ ಎಂಬುದು ಆ ತಾಯಿಯ ಭಯವಾಗಿತ್ತು. ಮಾತ್ರೆ ಬಿಟ್ಟರೆ ಏನಾಗುತ್ತದೆ ಎನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ವೈದ್ಯಾಧಿಕಾರಿಗಳೊಡನೆ ಮಾತನಾಡಿ, ಸಂತೆಯ ದಿನ ಪೇಟೆಗೆ ಬಂದಾಗ ಆ ತಾಯಿಯೇ ವಾರದ ಮಾತ್ರೆಯನ್ನು ಒಯ್ಯುವಂತೆ ಏರ್ಪಾಡು ಮಾಡಿದೆವು.

ಇದೇ ಪ್ರಕರಣ ಸಮಾಜಶಾಸ್ತ್ರದ ವಿದ್ಯಾರ್ಥಿಯ ಕೈಗೆ ಬಂದಿದ್ದರೆ ಅವರು ಈ ಒಬ್ಬ ತಾಯಿಯಲ್ಲಿ ನಿಲ್ಲುತ್ತಿರಲಿಲ್ಲ. ತಾಲ್ಲೂಕಿನಲ್ಲಿ ಚಿಕಿತ್ಸೆ ಬಿಟ್ಟವರಲ್ಲಿ ಹೆಂಗಸರೆಷ್ಟು, ಕೂಲಿಯವರೆಷ್ಟು, ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಗಳೆಷ್ಟು ಎಂದು ಕೇಳಿ, ಒಂದು ಮನೆಯ ಗುಟ್ಟು ಎಲ್ಲಿ ಸಮಾಜದ ವಿನ್ಯಾಸವಾಗುತ್ತದೆ ಎಂದು ಹುಡುಕುತ್ತಿದ್ದರು. ಮಾನವಶಾಸ್ತ್ರದವರು ಆ ಬೀದಿಯಲ್ಲೇ ತಿಂಗಳುಗಟ್ಟಲೆ ಉಳಿದು, "ಆ ಕೆಮ್ಮು" ಎನ್ನುವ ಮಾತನ್ನು ಯಾರು, ಯಾರ ಮುಂದೆ, ಯಾವಾಗ ಆಡುತ್ತಾರೆ ಎಂದು ಗಮನಿಸುತ್ತಿದ್ದರು. ಅವರಿಬ್ಬರಿಗೂ ಸಮಯವಿತ್ತು. ನನಗೆ ಇರಲಿಲ್ಲ, ಏಕೆಂದರೆ ಆ ತಾಯಿ ಮಾರನೆಯ ದಿನದಿಂದಲೇ ಮಾತ್ರೆ ನುಂಗಬೇಕಿತ್ತು. ಈ ಮೂರರಲ್ಲಿ ಯಾವ ಕೆಲಸವನ್ನು ನಿಮ್ಮ ಮನಸ್ಸು ಬಯಸುತ್ತದೆ ಎಂದು ಮೊದಲು ನೋಡಿಕೊಳ್ಳಿ.

ವೇಳಾಪಟ್ಟಿಯಲ್ಲೂ ವ್ಯತ್ಯಾಸವಿದೆ. ಎಂ.ಎಸ್.ಡಬ್ಲ್ಯು.ನಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯವಿದ್ದು, ಅದಕ್ಕೆ ವರದಿ ಬರೆಯಬೇಕು, ಅಂಕವೂ ಇರುತ್ತದೆ. ಬಸ್ಸಿನಲ್ಲಿ ನಿಂತು ಹೋಗಿಬರುವ ತಾಳ್ಮೆ ಇಲ್ಲದವರಿಗೆ ಮೊದಲ ಸೆಮಿಸ್ಟರಿನಲ್ಲೇ ಸಾಕಾಗುತ್ತದೆ. ಸಮಾಜಶಾಸ್ತ್ರದ ಎಂ.ಎ.ಯಲ್ಲಿ ಸಿದ್ಧಾಂತ ಮತ್ತು ಸಂಶೋಧನಾ ವಿಧಾನದ ಓದೇ ಹೆಚ್ಚು. ಮಾನವಶಾಸ್ತ್ರ ಕೇವಲ ಬುಡಕಟ್ಟುಗಳ ಅಧ್ಯಯನವೆಂದು ಹಲವರು ತಿಳಿದಿದ್ದಾರೆ. ಅಲ್ಲಿ ಮೂಳೆ, ತಲೆಬುರುಡೆಗಳ ಅಳತೆ, ಮಾನವ ವಿಕಾಸ, ತಳಿಶಾಸ್ತ್ರವನ್ನೂ ಓದಬೇಕಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಅದರ ವಿಭಾಗಗಳಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ವಲಯದ ಕೇಂದ್ರವೂ ಮೈಸೂರಿನಲ್ಲೇ ಇದೆ.

ಅದೇ ವಿದ್ಯಾರ್ಥಿನಿಯ ಮರುಪ್ರಶ್ನೆ: ಧನ್ಯವಾದಗಳು ಮೇಡಂ. ಎಂ.ಎಸ್.ಡಬ್ಲ್ಯು. ಸೇರಿದರೆ ಎಚ್.ಆರ್. (ಮಾನವ ಸಂಪನ್ಮೂಲ) ತೆಗೆದುಕೊಂಡರೆ ಮಾತ್ರ ಕೆಲಸ ಸಿಗುತ್ತದೆ ಎಂದು ಅಪ್ಪ ಹೇಳುತ್ತಾರೆ. ಸಮಾಜಕಾರ್ಯಕ್ಕೂ ಕಂಪನಿಗೂ ಏನು ಸಂಬಂಧ?

ಉತ್ತರ: ಸಂಬಂಧ ಹಳೆಯದು. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯಲ್ಲೂ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಆ ಹುದ್ದೆಗೆ ಸಮಾಜಕಾರ್ಯ ಓದಿದವರು ಹೋಗತೊಡಗಿದರು. ಮುಂದೆ ಕಲ್ಯಾಣ ಹಿಂದೆ ಸರಿದು ನೇಮಕಾತಿ, ಹಾಜರಿ, ಸಂಬಳದ ಲೆಕ್ಕ ಮುಂದೆ ಬಂದವು. ತಂದೆಯವರ ಲೆಕ್ಕಾಚಾರವನ್ನು ಹಗುರವಾಗಿ ಕಾಣಬೇಡಿ, ಮನೆ ನಡೆಯಬೇಕಲ್ಲ. ಆದರೆ "ಮಾತ್ರ" ಎಂಬ ಪದ ಸರಿಯಲ್ಲ. ಮಾನಸಿಕ ಆರೋಗ್ಯದಲ್ಲಿ ಆಸಕ್ತಿಯಿದ್ದರೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೇ ಪ್ರತ್ಯೇಕ ವಿಭಾಗವಿದೆ. ಮಕ್ಕಳ ರಕ್ಷಣೆಯ ಕ್ಷೇತ್ರವೂ ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ನೋಡುವ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಸ್ವಯಂಸೇವಾ ಸಂಸ್ಥೆಗಳಲ್ಲಿ ಮಾತ್ರ ಸಂಬಳ ಯೋಜನೆಯ ಅವಧಿಯನ್ನು ನೆಚ್ಚಿಕೊಂಡಿರುತ್ತದೆ ಎಂಬುದನ್ನು ಮುಂಚೆಯೇ ತಿಳಿದಿರಿ.

ಮತ್ತೊಬ್ಬ ಸದಸ್ಯರು (ರಾಯಚೂರು): ನಾನು ಯು.ಪಿ.ಎಸ್‌.ಸಿ. ಬರೆಯುವವನು. ಇವುಗಳಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ? ಕನ್ನಡ ಮಾಧ್ಯಮದಲ್ಲಿ ಓದಿದ್ದು ತೊಡಕಾಗುತ್ತದೆಯೇ?

ಉತ್ತರ: ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಸಮಾಜಶಾಸ್ತ್ರವೂ ಮಾನವಶಾಸ್ತ್ರವೂ ಇವೆ, ಸಮಾಜಕಾರ್ಯ ಇಲ್ಲ.

ಭಾಷೆಯ ವಿಚಾರ ಬೇರೆ. ಸಿದ್ಧಾಂತದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ವರ್ಷ ಒದ್ದಾಡಲೇಬೇಕು, ನಾನೂ ಒದ್ದಾಡಿದವಳೇ. ಆದರೆ ಕ್ಷೇತ್ರಕ್ಕೆ ಇಳಿದ ದಿನ ಕನ್ನಡವೇ ಬಂಡವಾಳ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಓದಿ, 1948ರಲ್ಲಿ ಬಂದು ಉಳಿದದ್ದು ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ. ಅದಕ್ಕೆ ಅವರು ರಾಂಪುರ ಎಂಬ ಬದಲಿ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟು, ವರ್ಷಗಟ್ಟಲೆ ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆ ಮೇಲೆ ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಆ ಹಳ್ಳಿಯ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಜನರ ಮಾತನ್ನು ದುಭಾಷಿಯಿಲ್ಲದೆ ಕೇಳಿಸಿಕೊಂಡಿದ್ದರಿಂದಲೇ ಅಷ್ಟು ನೆನಪು ಉಳಿಯಿತು ಎಂದು ನನ್ನ ಊಹೆ.

ಮೊದಲ ವಿದ್ಯಾರ್ಥಿನಿ: ಮೇಡಂ, ಎಂ.ಎಸ್.ಡಬ್ಲ್ಯು.ಗೆ ಅರ್ಜಿ ಹಾಕುತ್ತೇನೆ. ಕ್ಷೇತ್ರಕಾರ್ಯಕ್ಕೆ ಹೋಗುವಾಗ ಏನನ್ನು ಗಮನದಲ್ಲಿಡಬೇಕು?

ಉತ್ತರ: ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ನೋಟುಪುಸ್ತಕ ಸಾಕು. ಮನೆಯವರ ಎದುರಿಗೆ ಅದನ್ನು ಬಿಚ್ಚಬೇಡಿ, ಬಿಚ್ಚಿದರೆ ಅವರು ನಿಮ್ಮನ್ನು ಪಡಿತರ ಚೀಟಿಯ ಪರಿಶೀಲನೆಗೆ ಬಂದವರೆಂದು ತಿಳಿದು ಅಳೆದು ಸುರಿದು ಮಾತನಾಡುತ್ತಾರೆ. ಬಸ್ಸಿಗೆ ಕಾಯುವಾಗ ಮುಖ್ಯವಾದ ನಾಲ್ಕು ಪದ ಗುರುತು ಹಾಕಿಕೊಂಡು, ಅದೇ ರಾತ್ರಿ ಪೂರ್ತಿ ಬರೆಯಿರಿ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ಹೆಸರನ್ನು ಮಾತ್ರ ಬದಲಿಸಿ.